ಇಲ್ಲ ಎನ್ನದವನ ಹಡಗು

ಗೋವೆಯ ಮಾಪ್ಸಾ ಮಾರುಕಟ್ಟೆಯ ಹಿಂಬದಿಯಲ್ಲಿ ವಿರೂಪಾಕ್ಷಪ್ಪನವರ ಹಾರ್ಡ್‌ವೇರ್ ಅಂಗಡಿಯಿದೆ. ಮೊಳೆಯಿಂದ ಹಿಡಿದು ನೀರಿನ ಟ್ಯಾಂಕಿನವರೆಗೆ ಅಲ್ಲಿ ಎಲ್ಲವೂ ಸಿಗುತ್ತದೆ. 'ಇಲ್ಲ' ಎಂಬ ಮಾತೊಂದು ಮಾತ್ರ ಸಿಗುವುದಿಲ್ಲ. ಲಕ್ಷ್ಮಿ ಕೂತ ಜಾಗದಲ್ಲಿ ಇಲ್ಲ ಅನ್ನಬಾರದೆಂಬುದು ಬೈಲಹೊಂಗಲದಿಂದ ಗಂಟುಮೂಟೆಯ ಜೊತೆಗೇ ಬಂದ ಪದ್ಧತಿ. ಡಬ್ಬಿಯಲ್ಲಿ ಅಕ್ಕಿ ತೀರಿದರೆ 'ಅಕ್ಕಿ ಹೆಚ್ಚಾಗ್ಯಾವ' ಅನ್ನುವ, ದೀಪ ಆರಿಸುವುದಕ್ಕೆ 'ದೀಪ ದೊಡ್ಡದು ಮಾಡು' ಅನ್ನುವ ಮನೆತನ ಅದು. ಅಂಗಡಿಯಲ್ಲಿರದ ಚಿಲಕವನ್ನು ಗಿರಾಕಿ ಕೇಳಿದರೆ, ಕನ್ನಡದವರಿಗೆ 'ಗೋದಾಮಿನ್ಯಾಗ ಐತ್ರಿ, ಗುರುವಾರ ಬರ್ರಿ' ಎಂದೂ ಊರಿನವರಿಗೆ ಕೊಂಕಣಿಯಲ್ಲಿ 'ಫಾಲ್ಯಾಂ ಯೋ', ನಾಳೆ ಬಾ, ಎಂದೂ ಹೇಳಿ ಕಳಿಸುವುದು ರೂಢಿ.

ವಿರೂಪಾಕ್ಷಪ್ಪನವರು ಹಾಗೆ ಹೇಳಿ ಸುಮ್ಮನೆ ಕೂಡುವವರಲ್ಲ. ಗಿರಾಕಿ ಮೆಟ್ಟಿಲಿಳಿಯುವಷ್ಟರಲ್ಲಿ ಬೆಳಗಾವಿಗೆ ಫೋನು ಹೋಗಿರುತ್ತಿತ್ತು, ಗುರುವಾರಕ್ಕೆ ಚಿಲಕ ಬಂದಿರುತ್ತಿತ್ತು. ಅವರ ಒಬ್ಬನೇ ಮಗ ಅನಿಕೇತ, ಎಂಜಿನಿಯರಿಂಗ್ ಮುಗಿಸಿ ಗಲ್ಲಾಕ್ಕೆ ಬಂದು ಕೂತವನು, ಈ ವಿದ್ಯೆಯ ಮೊದಲರ್ಧವನ್ನು ಮಾತ್ರ ಕಲಿತ. ಫೋನು ಮಾಡುವ ಭಾಗ ಅವನ ತಲೆಗೆ ಹತ್ತಲಿಲ್ಲ. ಗುರುವಾರ ಗಿರಾಕಿ ಬಂದರೆ ಸೋಮವಾರ ಅನ್ನುತ್ತಿದ್ದ, ಸೋಮವಾರ ಬಂದರೆ ಲಾರಿ ಘಟ್ಟದಲ್ಲಿ ಕೆಟ್ಟು ನಿಂತಿದೆ ಅನ್ನುತ್ತಿದ್ದ. ಎದುರಿಗಿರುವವರ ಮುಖ ಸಣ್ಣದಾಗುವುದನ್ನು ನೋಡಲಾರದಂಥ ಮೃದು ಮನಸ್ಸು ತನ್ನದೆಂದು ಅವನ ನಂಬಿಕೆ. ನೆಟ್ಟಗೆ ಹೇಳಬೇಕೆಂದರೆ ಅದು ಶುದ್ಧ ಪುಕ್ಕಲುತನ. ಆದರೆ ನೆಟ್ಟಗೆ ಹೇಳುವುದು ಆ ಅಂಗಡಿಯಲ್ಲಿ ಯಾರಿಗೂ ಬರುತ್ತಿರಲಿಲ್ಲ.

ಭಾನುವಾರ ಮಧ್ಯಾಹ್ನ ಅಂಗಡಿ ಮುಚ್ಚಿದ ಮೇಲೆ ಅನಿಕೇತ ಮಾಸ್ಟರ್ ಆಗುತ್ತಿದ್ದ.

ಕಲಂಗುಟ್‌ನಲ್ಲಿ ಅವನ ಗೆಳೆಯ ಮುಸ್ತಾಕನ ಬಾಡಿಗೆ ಸ್ಕೂಟರುಗಳ ಶೆಡ್ ಇದೆ. ಮಳೆಗಾಲದಲ್ಲಿ ಪ್ರವಾಸಿಗಳು ಕಡಿಮೆ. ಸ್ಕೂಟರುಗಳು ನೀಲಿ ಪ್ಲಾಸ್ಟಿಕ್ ಹೊದ್ದು ಮಲಗಿರುತ್ತವೆ. ಅವುಗಳ ನಡುವೆ ಒಂದು ಮೇಜು, ಸುತ್ತ ಕುರ್ಚಿಗಳು, ಮೇಜಿನ ಮೇಲೆ ಇಪ್ಪತ್ತು ಮುಖದ ದಾಳ. ಇದು ಬಾಯಿಂದ ಆಡುವ ಆಟ. ಮಾಸ್ಟರ್ ಅನ್ನಿಸಿಕೊಂಡವನು ಕಥೆ ಹೇಳುತ್ತಾನೆ. ಉಳಿದವರು ಒಂದೊಂದು ಪಾತ್ರ ಹಿಡಿದು ಆ ಕಥೆಯೊಳಗೆ ಹೊಕ್ಕು, ನಾನು ಬಾಗಿಲು ಒದೆಯುತ್ತೇನೆ, ನಾನು ಮಂತ್ರ ಹಾಕುತ್ತೇನೆ ಅನ್ನಬೇಕು. ದಾಳ ಉರುಳಿಸಿ, ಕೆಲಸ ಆಯಿತೋ ಕೆಟ್ಟಿತೋ ನೋಡಬೇಕು. ಬಾಗಿಲ ಹಿಂದೆ ಏನಿದೆಯೆಂಬುದು ಮಾಸ್ಟರನಿಗೆ ಮಾತ್ರ ಗೊತ್ತು. ಆ ಗುಟ್ಟು ಕಾಯುವುದಕ್ಕೆಂದೇ ಅವನ ಮುಂದೆ ರಟ್ಟಿನ ಮರೆಯೊಂದು ನಿಂತಿರುತ್ತದೆ. ಅನಿಕೇತನ ಮರೆ ಪೇಂಟಿನ ಡಬ್ಬಿಗಳು ಬಂದ ಪೆಟ್ಟಿಗೆಯಿಂದ ಕತ್ತರಿಸಿದ್ದು. ಅದರ ಹಿಂದೆ ಕೂತನೆಂದರೆ ಅವನ ದನಿಯೇ ಬೇರೆಯಾಗುತ್ತಿತ್ತು. ಅಪ್ಪನ ಎದುರು 'ಹೂಂರಿ' ಬಿಟ್ಟು ಬೇರೆ ಶಬ್ದ ಹೊರಡದ ಗಂಟಲಿನಿಂದ ಚಂಡಮಾರುತಗಳೂ ದೊರೆಗಳೂ ಸಾಲುಗಟ್ಟಿ ಬರುತ್ತಿದ್ದರು.

ಆಡುವವರು ಮೂವರು. ಹುಬ್ಬಳ್ಳಿಯ ಮುಸ್ತಾಕ ಕೊಡಲಿ ಹಿಡಿದ ವೀರ. ಸಡಾದಲ್ಲಿ ಹುಟ್ಟಿ ಬೆಳೆದು, ಅಲ್ಲೇ ಮುರ್ಮುಗಾಂವ್ ಬಂದರಿನ ಹತ್ತಿರ ಹಡಗು ಏಜೆಂಟರೊಬ್ಬರ ಕಚೇರಿಯಲ್ಲಿ ಕೆಲಸ ಮಾಡುವ ಶ್ವೇತಾ ಇಲ್ಲಿ ಕೈಚಳಕದ ಕಳ್ಳಿ. ಮೂರನೆಯವಳು ಅನಿಕೇತನ ಹೆಂಡತಿ ಮಲ್ಲಿಕಾ, ಮಂತ್ರಗಾತಿ. ಮದುವೆಯಾದ ಹೊಸದರಲ್ಲಿ ಗಂಡನ ಜೊತೆ ಹೊರಗೆ ಹೋಗಲು ಸಿಕ್ಕಿದ ನೆಪವೆಂದು ಬಂದವಳು, ಆಟದ ರುಚಿ ಹತ್ತಿ ಉಳಿದುಕೊಂಡಳು.

ಹಡಗು ಹುಟ್ಟಿದ್ದು ಹೋದ ವರ್ಷದ ಮಳೆಯಲ್ಲಿ. ಆಟದ ಮೂವರೂ ಕಥೆಯೊಳಗಿನ ಒಂದು ಬಂದರಿಗೆ ಬಂದಿಳಿದಿದ್ದರು. ಆ ಬಂದರಿಗೆಂದು ಅನಿಕೇತ ಸಿದ್ಧ ಮಾಡಿಕೊಂಡು ಬಂದಿದ್ದು ಒಂದು ಹೆಂಡದಂಗಡಿ, ಒಬ್ಬ ಕುಂಟ ದರೋಡೆಕೋರ, ಅಷ್ಟೇ. ಮುಸ್ತಾಕ ಭಜಿ ಮೆಲ್ಲುತ್ತ ಸುಮ್ಮನೆ ಬಾಯಿಗೆ ಬಂದದ್ದನ್ನು ಕೇಳಿದ.

"ಈ ಬಂದರದಾಗ ಮಾಯಾದ ಹಡಗ ಏನರ ಐತೇನ್ ದೋಸ್ತ?"

ಇಲ್ಲ ಅಂದಿದ್ದರೆ ಮಾತು ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಗಲ್ಲಾದಲ್ಲಿ ಪಳಗಿದ ನಾಲಿಗೆ ಮಾಲೀಕನನ್ನು ಕೇಳಿ ಹೊರಳುವುದಿಲ್ಲ.

"ಐತಿ," ಅಂದ ಅನಿಕೇತ. "ಆದ್ರ ಕಾಣಂಗಿಲ್ಲ."

ಮೂವರೂ ಮುಂದಕ್ಕೆ ಬಾಗಿದರು. ಅಷ್ಟು ಜನ ತನ್ನ ಮಾತಿಗೆ ಒಟ್ಟಿಗೆ ಬಾಗಿದ್ದು ಅನಿಕೇತನ ಬಾಳಿನಲ್ಲಿ ಅದೇ ಮೊದಲು. ಹಡಗಿನ ಹೆಸರು ತಮಸ್ವಿನಿ ಅಂದ. ಕತ್ತಲೆಯ ಮರದಿಂದ ಕಡೆದದ್ದು, ಸಮುದ್ರರಾಜನ ಶಾಪ ಹೊತ್ತದ್ದು ಅಂದ. ಅದರೊಳಗೆ ಯಾರಿದ್ದಾರೆಂದು ಮಲ್ಲಿಕಾ ಕೇಳಿದಳು. ಅವಳ ಮಂತ್ರಗಾತಿಗೆ ಚಿಕ್ಕಂದಿನಲ್ಲೇ ಕಳೆದುಹೋದ ತಂಗಿಯೊಬ್ಬಳಿದ್ದದ್ದು ಅನಿಕೇತನಿಗೆ ತಕ್ಕ ಹೊತ್ತಿಗೆ ನೆನಪಾಯಿತು.

"ನಿನ್ನ ತಂಗಿ ಅದಾಳ," ಅಂದ.

ಅಲ್ಲಿಂದ ಹುಡುಕಾಟ ಸುರುವಾಯಿತು. ಮುಸ್ತಾಕನ ನಾಲಿಗೆಗೆ ತಮಸ್ವಿನಿ ಹೊರಳದೆ ಅದು 'ತಮ್ಮವ್ವ' ಆಯಿತು. ಅವನು ಚೀಲಗಟ್ಟಲೆ ಗೋಧಿಹಿಟ್ಟು ತಂದು ಗಾಳಿಗೆ ತೂರಿದ, ಕಾಣದ ಹಾಯಿಗಳಿಗೆ ಹಿಟ್ಟು ಮೆತ್ತಿಕೊಂಡು ಹಡಗಿನ ಆಕಾರವಾದರೂ ಕಾಣಲಿ ಎಂದು. ಹಿಟ್ಟು ಮೆತ್ತದ ಮಂತ್ರವಿದೆ ಅಂದ ಅನಿಕೇತ. ಮಳೆ ಬಂದಾಗ ನೋಡೋಣ, ನೀರು ಎಲ್ಲಿ ನಡುಗಾಳಿಯಲ್ಲಿ ಸಿಡಿಯುತ್ತದೋ ಅಲ್ಲಿ ಹಡಗು ಇರಲೇಬೇಕು ಅಂದಳು ಶ್ವೇತಾ. ಮಳೆಹನಿ ಅದರೊಳಗಿಂದ ಹಾಯ್ದುಹೋಗುತ್ತದೆ ಅಂದ. ಮಾಯವಾದರೂ ಹಡಗಿನ ಭಾರ ಎಲ್ಲಿಗೆ ಹೋಗುತ್ತದೆ, ನೀರಿನಲ್ಲಿ ತಗ್ಗು ಬಿದ್ದಿರಬೇಕಲ್ಲ ಅಂದಳು ಮಲ್ಲಿಕಾ. ಆ ತಗ್ಗನ್ನೂ ಮಾಯೆ ತುಂಬಿದೆ ಅಂದ. ಕಡಲಹಕ್ಕಿಗಳು ಬರಿ ಗಾಳಿಯ ಮೇಲೆ ಕೂತದ್ದನ್ನು ಯಾರಾದರೂ ನೋಡಿದ್ದಾರೆಯೇ ಎಂದರೆ, ಆ ಬಂದರಿನಲ್ಲಿ ಹಕ್ಕಿಗಳು ಕೂಡುವುದೇ ಇಲ್ಲ ಅಂದುಬಿಟ್ಟ.

"ಖರೇ ಹಡಗಗೋಳೂ ಅಡಗ್ತಾವ್ರಿ," ಎಂದು ಒಂದು ಭಾನುವಾರ ಶ್ವೇತಾ ತನ್ನ ಕಚೇರಿಯ ಬುದ್ಧಿ ಓಡಿಸಿದಳು. "ಎಲ್ಲಿ ಅದೀವಿ ಅಂತ ತಿಳಸೋ ಯಂತ್ರ ಬಂದ್ ಮಾಡ್ಕೊಂಡು ಕಂಪ್ಯೂಟರಿನ್ಯಾಗ ಕಾಣದಂಗ ಹೋಗ್ತಾವ. ಆದ್ರ ಹಡಗಿನ ಮಂದಿ ಉಣಬೇಕಲ್ರಿ ಅನಿಕೇತಣ್ಣ. ಈ ಬಂದರದಾಗ ಕಾಯಿಪಲ್ಲೆ ಹೊತ್ತು ನೀರಿನ ಕಡೆ ಯಾರ ಹೊಂಟಾರ, ನಾ ಅವ್ರ ಬೆನ್ನ ಹತ್ತತೇನಿ."

"ಹಡಗಿನ ಮಂದಿ ಎಲ್ಲಾ ದೆವ್ವಗೋಳು. ಅವು ಉಣ್ಣಂಗಿಲ್ಲ."

"ಹಂಗಾದ್ರ ನನ್ನ ತಂಗಿ?" ಎಂದು ಮಲ್ಲಿಕಾ ಕೇಳಿದಳು. "ಆಕಿ ಏನ ಉಣ್ತಾಳ್ರಿ?"

"ಆಕಿ ನಿದ್ದಿಮಂತ್ರದಾಗ ಅದಾಳ," ಅಂದ ಅನಿಕೇತ. ಬೆವರು ಒರೆಸಿಕೊಂಡು ಫ್ಯಾನ್ ಜೋರು ಮಾಡಲು ಹೇಳಿದ.

ತಮಾಷೆಯೆಂದರೆ, ಹಡಗು ಸಿಗದಷ್ಟೂ ಅದರ ಬೆಲೆ ಏರುತ್ತ ಹೋಯಿತು. ಇಷ್ಟು ಭದ್ರವಾಗಿ ಅಡಗಿಸಿದ್ದಾರೆಂದರೆ ಒಳಗೆ ಎಂಥದ್ದಿರಬೇಕು ಎಂದು ಮೂವರೂ ತಲೆ ಕೆಡಿಸಿಕೊಂಡರು. ಮುಸ್ತಾಕ ಕಥೆಯೊಳಗಿನ ತನ್ನ ಕುದುರೆ ಮಾರಿ ಮಾಯಾದರ್ಪಣ ಕೊಂಡ. ಹಡಗನ್ನು ಕಾಯುವ ಕಡಲರಾಕ್ಷಸನ ಬಾಯಿಗೆ ಎಡಗೈಯನ್ನೂ ಕೊಟ್ಟ. ಅನಿಕೇತನ ಜಾಣತನವನ್ನು ಹೊಗಳುತ್ತ ಹೊಗಳುತ್ತಲೇ ಕೊಟ್ಟ. ಮರೆಯ ಹಿಂದೆ ಹಡಗೂ ಇರಲಿಲ್ಲ, ಅದನ್ನು ಎಲ್ಲಿಡಬೇಕೆಂಬ ಯೋಚನೆಯೂ ಇರಲಿಲ್ಲ. ಮುಂದಿನ ಭಾನುವಾರದೊಳಗೆ ಏನಾದರೂ ಹೊಳೆಯುತ್ತದೆ ಎಂದು ಅವನು ಪ್ರತಿ ಭಾನುವಾರವೂ ಅಂದುಕೊಳ್ಳುತ್ತಿದ್ದ.

ಇಷ್ಟೇ ಆಗಿದ್ದರೆ ಹೋಗಲಿ ಅನ್ನಬಹುದಿತ್ತು. ಹಡಗು ಸಿಗದಿದ್ದರೆ ಯಾರ ಮನೆಯೂ ಮುಳುಗುವುದಿಲ್ಲ. ಆದರೆ ಅನಿಕೇತ ಇನ್ನೊಂದನ್ನೂ ಹೀಗೆಯೇ ಅಡಗಿಸಿಟ್ಟಿದ್ದ.

ಮಲ್ಲಿಕಾ ಬೆಳಗಾವಿಯಲ್ಲಿ ಫಿಜಿಯೊಥೆರಪಿ ಓದಿದವಳು. ಬಿದ್ದು ಕಾಲು ಮುರಿದುಕೊಂಡವರನ್ನು, ಪಾರ್ಶ್ವವಾಯು ಬಡಿದವರನ್ನು ಮತ್ತೆ ನಡೆಸುವುದು ಅವಳ ವಿದ್ಯೆ. ಮದುವೆಯಾದ ಮೇಲೆ ಆ ವಿದ್ಯೆ ಅತ್ತೆಯ ಮೊಣಕಾಲಿಗೆ, ಮಾವನ ಭುಜಕ್ಕೆ ಸೀಮಿತವಾಗಿತ್ತು. ಬೇಸಿಗೆಯಲ್ಲಿ ಪಣಜಿಯ ಒಂದು ಕ್ಲಿನಿಕ್ಕಿನಿಂದ ಕೆಲಸಕ್ಕೆ ಕರೆ ಬಂತು. ಅಂಥ ಮಾತನ್ನು ಸೊಸೆ ನೇರವಾಗಿ ಮಾವನ ಮುಂದಿಡುವ ರೂಢಿ ಆ ಮನೆಯಲ್ಲಿಲ್ಲ. ಗಂಡನ ಬಾಯಿಂದ ಹೋಗಬೇಕು. ಅವಳು ಅನಿಕೇತನಿಗೆ ಹೇಳಿದಳು. ಇವತ್ತೇ ಅಪ್ಪನಿಗೆ ಹೇಳುತ್ತೇನೆ ಎಂದು ಅವನು ಕುಣಿದಾಡಿದ.

ಹೇಳಲಿಲ್ಲ. ಅಪ್ಪ ಬೇಡ ಅಂದರೆ, ಆ ಬೇಡವನ್ನು ಹೊತ್ತು ತಂದು ಹೆಂಡತಿಯ ಮುಂದಿಡಬೇಕಲ್ಲ. ಅದರ ಬದಲು ಅವನು ಒಬ್ಬ ಹೊಸ ವಿರೂಪಾಕ್ಷಪ್ಪನನ್ನು ಹುಟ್ಟಿಸಿದ. ಈ ವಿರೂಪಾಕ್ಷಪ್ಪ ಮೆತ್ತಗಿನ ಮನುಷ್ಯ. ಒಂದು ದಿನ 'ವಿಚಾರ ಮಾಡ್ತೀನಿ' ಅಂದ. ಮುಂದೊಂದು ದಿನ 'ಹುಡುಗಿ ಶಾಣೇಕಿ ಅದಾಳ' ಅಂದ. ಇನ್ನೊಮ್ಮೆ, ಮಳೆ ನಿಲ್ಲಲಿ, ರಸ್ತೆ ಸರಿಯಿಲ್ಲ ಎಂದು ಸೊಸೆಯ ಬಗ್ಗೆ ಕಾಳಜಿಯನ್ನೂ ತೋರಿಸಿದ. ಖರೇ ವಿರೂಪಾಕ್ಷಪ್ಪನವರು ಕೆಳಗೆ ಅಂಗಡಿಯಲ್ಲಿ ಪೈಪು ಅಳೆಯುತ್ತ, ತಮ್ಮ ಹೆಸರಿನಲ್ಲಿ ಮಹಡಿಯ ಮೇಲೆ ಏನೇನು ನಡೆದಿದೆಯೆಂಬುದು ಗೊತ್ತಿಲ್ಲದೆ ನೆಮ್ಮದಿಯಾಗಿದ್ದರು. ಈಗ ಕ್ಲಿನಿಕ್ಕಿನ ಡಾಕ್ಟರು, ಸೋಮವಾರದೊಳಗೆ ಹೇಳಿ, ಇಲ್ಲದಿದ್ದರೆ ಬೇರೆ ಹುಡುಗಿಯನ್ನು ತಗೊಳ್ಳುತ್ತೇವೆ ಅಂದಿದ್ದರು.

ಆ ಸೋಮವಾರದ ಹಿಂದಿನ ಭಾನುವಾರ, ಕಲಂಗುಟ್‌ಗೆ ಹೋಗುವ ದಾರಿಯಲ್ಲಿ, ಕಾರಿನಲ್ಲಿ ಮಲ್ಲಿಕಾ ಮಾತು ತೆಗೆದಳು.

"ನಾಳಿಗೆ ಕಡೀ ದಿನ್ರಿ."

"ಗೊತ್ತೈತಿ. ಅಪ್ಪ ಒಪ್ಪಿದಂಗ. ಇವತ್ತ ಸಂಜಿಕ ಒಂದ ಮಾತ ಪಕ್ಕಾ ಮಾಡಿಬಿಡ್ತೀನಿ."

"ಒಪ್ಪಿದಂಗ ಅಂದ್ರ? ಒಪ್ಪ್ಯಾರೋ ಇಲ್ಲೋ?"

"ಒಪ್ಪಿದಂಗ," ಅಂದ ಅನಿಕೇತ, ವೈಪರ್‌ನ ವೇಗ ಹೆಚ್ಚಿಸುತ್ತ. ಮಲ್ಲಿಕಾ ಕಿಟಕಿಯ ಆಚೆ ನೋಡುತ್ತ ಕೂತಳು. ಮಾತು ಮುಗಿಯಿತೆಂದು ಅನಿಕೇತ ಸಣ್ಣಗೆ ಸಿಳ್ಳೆ ಹಾಕಿದ.

ಶೆಡ್ಡಿನಲ್ಲಿ ಮುಸ್ತಾಕ ಅವತ್ತು ಗರಂ ಆಗಿದ್ದ. "ಇವತ್ತ ತಮ್ಮವ್ವ ಸಿಗಲಿಲ್ಲಂದ್ರ ನಾ ಈ ಆಟ ಒಲ್ಲೆ ದೋಸ್ತ. ಒಂದ ಕೈಲೆ ಕೊಡ್ಲಿ ಹಿಡಿಯಾಕ ಬರವಲ್ದು," ಅಂದ. ಮಾಯಾದರ್ಪಣವನ್ನು ನೀರಿನತ್ತ ಹಿಡಿದು ದಾಳ ಉರುಳಿಸಿದ. ಇಪ್ಪತ್ತು ಬಿತ್ತು. ಇಪ್ಪತ್ತೆಂದರೆ ಆಟದಲ್ಲಿ ಅದಕ್ಕಿಂತ ದೊಡ್ಡದಿಲ್ಲ, ಕಲ್ಲೂ ಬಾಯಿ ಬಿಡಬೇಕು. ಅನಿಕೇತ ಮರೆಯ ಹಿಂದೆ ಕಣ್ಣು ಮುಚ್ಚಿ ತೆರೆದ.

"ದರ್ಪಣದಾಗ ಮಂಜ ಕವಿದೈತಿ," ಅಂದ. "ಹಡಗ ಇಲ್ಲೇ ಎಲ್ಲೋ ಐತಿ ಅನ್ನೂದು ಮಾತ್ರ ಖಾತ್ರಿ ಆತು."

ಮುಸ್ತಾಕ ದರ್ಪಣಕ್ಕೂ ಅದನ್ನು ಮಾರಿದವನಿಗೂ ಒಟ್ಟಿಗೆ ಬೈದ. ಮಲ್ಲಿಕಾಳ ಸರದಿ ಬಂತು. ಅವಳು ದಾಳ ಮುಟ್ಟಲಿಲ್ಲ.

"ನಾ ಮಂತ್ರ ಹಾಕಂಗಿಲ್ಲ. ಹಡಗ ನಿಲ್ಲೂ ದಕ್ಕಿ ಮ್ಯಾಲ ಬಂದರಿನ ಕಾವಲುಗಾರ ಒಬ್ಬಾವ ಇರ್ತಾನಲ್ರಿ, ಅವನ್ನ ಮಾತಾಡಸ್ತೇನಿ."

"ಮಾತಾಡ್ಸು," ಅಂದ ಅನಿಕೇತ. ಮಾಸ್ಟರನೇ ಎಲ್ಲ ಕಾವಲುಗಾರರೂ ಆಗಬೇಕಾದ್ದರಿಂದ ದನಿಯನ್ನು ಗೊಗ್ಗರು ಮಾಡಿಕೊಂಡ. "ಏನ್ ಬೇಕಾಗಿತ್ತವ್ವ?"

"ತಮಸ್ವಿನಿ ಬಿಡ್ರಿ ಯಜಮಾನ್ರ, ಅದು ಸಿಗೂದಲ್ಲ. ಅದರ ಬಾಜೂಕ ಬೆಲ್ಲದ ಹಡಗ ನಿಂತಿರ್ತಿತ್ತಲ್ಲ, ಅದು ಇನ್ನೂ ಅಲ್ಲೇ ಐತೇನು?"

"ಐತಿ," ಅಂದ ಕಾವಲುಗಾರ. ಒಂದು ಕ್ಷಣ ತಡೆದು ಸೇರಿಸಿದ, "ಆದ್ರ ಅದಕ್ಕೂ ಮಾಯಾ ಹೊಚ್ಚ್ಯಾರ."

"ನೀರಾಗ ಕರಗಿಲ್ಲೇನ್ರಿ ಬೆಲ್ಲ?"

"ಕರಗದಂಗ ಮಂತ್ರ ಐತಿ."

"ಅದನ್ನ ನಡಸಾವ್ರು ಹುಲಿಗೆಪ್ಪ ಕಾಕಾ ಅಲ್ರಿ? ಈಗೂ ಅವ್ರೇ ಅದಾರೇನು?"

"ಅದಾರ. ಹಗಲಿಗೆ ಕಾಣಂಗಿಲ್ಲ. ನಾಳಿ ಬಂದ್ರ ಭೆಟ್ಟಿ ಮಾಡಸ್ತೀನಿ."

ಮಲ್ಲಿಕಾ ಮುಸ್ತಾಕ ಮತ್ತು ಶ್ವೇತಾಳ ಕಡೆ ತಿರುಗಿದಳು. "ಹುಲಿಗೆಪ್ಪ ಕಾಕಾ ಧಾರವಾಡದಾಗ ನಮ್ಮ ಓಣಿ ತುದಿಗೆ ಇಸ್ತ್ರಿ ಮಾಡ್ತಾರ. ಸಮುದ್ರ ನೋಡಿಲ್ಲ ಅವರು," ಅಂದಳು.

ಮುಸ್ತಾಕ ಹೊಟ್ಟೆ ಹಿಡಿದುಕೊಂಡು ನಕ್ಕ. ನಗುನಗುತ್ತ ಅರ್ಧಕ್ಕೆ ನಿಲ್ಲಿಸಿದ. ಅವನ ತಲೆಯಲ್ಲಿ ಏನೋ ಸರಿದು ಜಾಗಕ್ಕೆ ಕೂತದ್ದು ಮುಖದ ಮೇಲೆ ಕಾಣಿಸುತ್ತಿತ್ತು.

"ತಡಿ. ಬೆಲ್ಲದ ಹಡಗ ಇಲ್ಲ. ಅಂದ್ರ ತಮ್ಮವ್ವ?"

"ಧಾರವಾಡದಾಗ ನಮ್ಮಪ್ಪಂದು ಅರಿವಿ ಅಂಗಡಿ," ಎಂದು ಮಲ್ಲಿಕಾ ಪಾಠ ಒಪ್ಪಿಸುವ ಹುಡುಗಿಯಂತೆ ಮೆತ್ತಗೆ ಹೇಳಿದಳು. "ಮಾಲು ತರಾಕ ದೊಡ್ಡ ಪ್ಯಾಟಿಗೆ ಹೋದಾಗ ಅಪ್ಪ ಒಂದು ಮಾಡ್ತಿದ್ರು. ಸಾವಕಾರ 'ಗೋದಾಮಿನ್ಯಾಗ ಐತಿ, ನಾಳಿ ಬರ್ರಿ' ಅಂದ್ರ, ಯಾವ ಮಗ್ಗದಾಗೂ ನೇಯದಂಥಾ ಒಂದ ಸೀರಿ ಹೆಸರ ಹೇಳಿ ಕೇಳ್ತಿದ್ರು. ಅದಕ್ಕೂ ಆತ 'ನಾಳಿ ಬರ್ರಿ' ಅಂದ್ರ, ತಿರುಗಿ ಆ ಅಂಗಡಿ ಮೆಟ್ಟಲ ಹತ್ತತಿರಲಿಲ್ಲ."

ಶ್ವೇತಾ ಎದ್ದು ರಟ್ಟಿನ ಮರೆಯನ್ನು ಎತ್ತಿ ಬದಿಗಿಟ್ಟಳು. ಹಿಂದೆ ಅರ್ಧ ತಿಂದ ವಡಾಪಾವ್ ಇತ್ತು, ಫೋನಿನ ಚಾರ್ಜರ್ ಇತ್ತು, ಅನಿಕೇತ ಇದ್ದ.

"ನನ್ನ ಕೈ ಹೋತಲ್ಲೋ," ಅಂದ ಮುಸ್ತಾಕ. ಅವನ ದನಿಯಲ್ಲಿ ನಿಜವಾದ ಸಂಕಟವಿತ್ತು. "ಇಲ್ಲದ ಹಡಗಿಗೆ ನನ್ನ ಎಡಗೈ ಹೋತು."

"ಆಟದಾಗ ಅಲ್ಲೇನೋ ಹೋಗಿದ್ದು."

"ಆಟದಾಗ ಹೋದ್ರೇನು? ಕೈ ಅಂದ್ರ ಕೈ."

ಅನಿಕೇತ ಕಲ್ಪನೆಯ ಬಗ್ಗೆ ಒಂದು ಭಾಷಣ ಮಾಡಿದ. ಸಿಗದೇ ಇರುವುದರಲ್ಲೇ ಹುಡುಕುವ ಸುಖವಿದೆ, ಕಥೆ ಹೇಳುವವನು ಯಾವ ಬಾಗಿಲನ್ನೂ ಮುಚ್ಚಬಾರದು, ಹೀಗೆ. ಮಾತಾಡುತ್ತ ಮಾತಾಡುತ್ತ ಅವನಿಗೇ ಅದು ಖರೇ ಅನ್ನಿಸತೊಡಗಿತು. ಕೇಳುವವರಿಗೆ ಅನ್ನಿಸಲಿಲ್ಲ. ಮುಸ್ತಾಕ ಮಳೆಯಲ್ಲಿ ಹೊರಗೆ ಹೋಗಿ ಯಾವುದೋ ಸ್ಕೂಟರಿನ ಪ್ಲಾಸ್ಟಿಕ್ ಬಿಗಿಯತೊಡಗಿದ.

"ನನ್ನ ತಂಗೀನ ಅದರಾಗ ಯಾಕ ಕೂಡ್ಸಿದ್ರಿ?" ಎಂದು ಮಲ್ಲಿಕಾ ಕೇಳಿದಳು.

"ನೀ ಕೇಳಿದೆಲ್ಲ. ಅದಕ್ಕ," ಅಂದ ಅನಿಕೇತ. ಇದಕ್ಕಿಂತ ಪ್ರಾಮಾಣಿಕವಾದ ಮಾತನ್ನು ಅವನು ಆ ವರ್ಷ ಆಡಿರಲಿಲ್ಲ.

ಹಿಂತಿರುಗುವಾಗ ಕಾರಿನಲ್ಲಿ ಮಲ್ಲಿಕಾ ಮತ್ತೆ ಕಿಟಕಿಯ ಕಡೆ ತಿರುಗಿ ಕೂತಳು. ಅನಿಕೇತನಿಗೆ ಅವಳು ಬೈದರೂ ಆದೀತು, ಮಾತಾಡಲಿ ಅನ್ನಿಸುತ್ತಿತ್ತು. ಊರು ಹತ್ತಿರವಾದಾಗ ಅವಳು ಎಂದಿನ ದನಿಯಲ್ಲೇ ಕೇಳಿದಳು.

"ಮಾವಾರಿಗೆ ಆ ಪುಣೆ ಟ್ರೇನಿಂಗಿಂದೂ ಹೇಳೀರೇನ್ರಿ? ಸುರುವಿಗೆ ಎರಡ ತಿಂಗಳ ಅಲ್ಲಿ ಹೋಗಿ ಇರಬೇಕಾಗ್ತದಲ್ಲ."

ಪುಣೆಯ ಮಾತನ್ನು ಅನಿಕೇತ ಕೇಳಿದ್ದು ಅದೇ ಮೊದಲು. ತಾನು ಮರೆತಿರಬೇಕೆಂದು ಹೆದರಿದ. ಅವಳು ಮಾತಾಡಿದ ಖುಷಿಯೂ ಜೊತೆಗಿತ್ತು.

"ಹೂಂ, ಅದನ್ನೂ ಕಿವಿ ಮ್ಯಾಲ ಹಾಕೀನಿ."

"ಏನಂದ್ರು?"

"ಎರಡ ತಿಂಗಳ ಅಂದ್ರ ಭಾಳ ಆತಲ್ಲ ಅಂದ್ರು. ಆದ್ರ ನೋಡೋಣು ಅಂತನೂ ಅಂದ್ರು."

"ಪುಣೆ ಗಿಣೆ ಏನೂ ಇಲ್ರಿ," ಅಂದಳು ಮಲ್ಲಿಕಾ.

ಬೆಲ್ಲದ ಹಡಗಿನ ಬಲೆಗೆ ಬಿದ್ದು ಇನ್ನೂ ಬಟ್ಟೆ ಕೊಡವಿಕೊಂಡಿರದ ಮನುಷ್ಯ, ಅದೇ ಬಲೆಗೆ ಮತ್ತೆ ತಾನಾಗಿ ನಡೆದುಹೋಗಿದ್ದ. ಮಲ್ಲಿಕಾಳ ಕಣ್ಣಲ್ಲಿ ನೀರಿತ್ತು. ಅವಳು ಅದನ್ನು ಒರೆಸಿಕೊಂಡಳೇ ಹೊರತು ಅಡಗಿಸಲಿಲ್ಲ.

ಮನೆಗೆ ಬಂದಾಗ ಅಂಗಡಿಯ ಮೇಲಿನ ಮಹಡಿಯಲ್ಲಿ ವಿರೂಪಾಕ್ಷಪ್ಪನವರು ಊಟಕ್ಕೆ ಕೂತಿದ್ದರು. ಅನಿಕೇತನ ತಾಯಿ ದಾನವ್ವ ಒಳಗೆ ರೊಟ್ಟಿ ಬಡಿಯುತ್ತಿದ್ದರು. ಮಲ್ಲಿಕಾ ಕೈಕಾಲು ತೊಳೆದುಕೊಂಡು ಸೀದಾ ಬಂದು ಮಾವನ ತಾಟಿನ ಎದುರು ನಿಂತಳು. ಅನಿಕೇತ ಗೋಡೆಯ ಬದಿಗೆ ಸರಿದ. ಆ ಮನೆಯಲ್ಲಿ ಸೊಸೆ ಹಾಗೆ ನಿಂತದ್ದನ್ನು ಅವನು ಕಂಡಿರಲಿಲ್ಲ.

"ಮಾವಾರ, ಒಂದ ಮಾತ ಕೇಳೂದೈತ್ರಿ. ನಿಮ್ಮ ಮಗ ನಿಮಗ ಕೇಳಿಲ್ಲ, ಅದಕ್ಕ ನಾನ ಕೇಳಾಕತ್ತೇನಿ," ಅಂದಳು. ಕ್ಲಿನಿಕ್ಕು, ಕೆಲಸ, ನಾಳೆ ಹೇಳಬೇಕಾದದ್ದು, ಎಲ್ಲವನ್ನೂ ಬಿಚ್ಚಿ ಹೇಳಿದಳು.

ವಿರೂಪಾಕ್ಷಪ್ಪನವರು ರೊಟ್ಟಿ ಮುರಿಯುವುದನ್ನು ನಿಲ್ಲಿಸಿ ಮಗನನ್ನು ಒಮ್ಮೆ ನೋಡಿದರು. ಆಮೇಲೆ ಸೊಸೆಯನ್ನು ನೋಡಿದರು.

"ಬ್ಯಾಡ," ಅಂದರು.

ಅನಿಕೇತ ಇಷ್ಟು ದಿನ ತಿಣುಕಾಡಿ ತಪ್ಪಿಸಿದ್ದ ಮಾತು ಇದೇ. ಅಷ್ಟು ಸಲೀಸಾಗಿ ಅದು ಹೊರಬಿದ್ದದ್ದನ್ನು ನೋಡಿ ಅವನು ಗೋಡೆಗೆ ಒರಗಿದ. ಮಲ್ಲಿಕಾಳ ಮುಖ ಮಾತ್ರ ಸಣ್ಣದಾಗಲಿಲ್ಲ. ನೆಲ ಸಿಕ್ಕವಳ ಹಾಗೆ ಅವಳು ಗಟ್ಟಿಯಾಗಿ ನಿಂತಳು.

"ಯಾಕ್ರಿ ಬ್ಯಾಡ?"

"ಕಂಡವ್ರ ಕೈಕಾಲ ತಿಕ್ಕೂದು ನಮ್ಮ ಮನೀ ಸೊಸಿಗೆ ಶೋಭಸೂದಿಲ್ಲ. ಮಂದಿ ಅಂಗಡಿಗೆ ಬಂದ ನನ್ನ ಕೇಳ್ತಾರ."

"ತಿಕ್ಕೂದಲ್ರಿ, ನಡಸೂದು. ನಿಮ್ಮ ಭುಜ ಹಿಡಿದಾಗ ಶೆಟರ್ ಎತ್ತಾಕ ಬರ್ತಿರಲಿಲ್ಲ. ಈಗ ಎತ್ತತೀರಿ. ಮಂದಿ ಕೇಳಿದ್ರ ಅದನ್ನ ಹೇಳ್ರಿ."

ವಿರೂಪಾಕ್ಷಪ್ಪನವರು ಗೊತ್ತಿಲ್ಲದೆಯೇ ಬಲಗೈ ಎತ್ತಿ ಇಳಿಸಿದರು. "ಅದು ಮನ್ಯಾಗಿನ ಮಾತು," ಅಂದರು. ದನಿ ಮೊದಲಿನಷ್ಟು ಬಿಗಿಯಿರಲಿಲ್ಲ. ಪಲ್ಯ ಹಚ್ಚಿ ಎರಡು ತುತ್ತು ಉಂಡರು. "ದಿನಾ ಅಂತೂ ಬ್ಯಾಡ. ವಾರದಾಗ ಮೂರ ದಿನ ಬೇಕಾದ್ರ ನೋಡು."

ಒಳಗಿನಿಂದ ರೊಟ್ಟಿ ಬಡಿಯುವ ಸಪ್ಪಳ ನಿಂತಿತು. "ರೇಟ್ ಹೇಳಿದ್ರು ನೋಡವಾ," ಅಂದರು ದಾನವ್ವ. "ಅವರು ಮೊದಲ ಬ್ಯಾಡ ಅಂತಾರ, ಆಮ್ಯಾಲ ರೇಟ್ ಹೇಳ್ತಾರ. ನಾ ಹೊಲಿಗಿ ಮಷೀನ್ ತಗೊಂಡಾಗೂ ಹಿಂಗ ಆಗಿತ್ತು. ನಿಂತಲ್ಲೇ ನಿಂದ್ರು, ಬಿಡಬ್ಯಾಡ."

ಮಲ್ಲಿಕಾ ಬಿಡಲಿಲ್ಲ. ಮೂರು ದಿನಕ್ಕೆ ಕ್ಲಿನಿಕ್ಕಿನವರು ಒಪ್ಪುವುದಿಲ್ಲ ಅಂದಳು. ಶನಿವಾರ ಮನೆಯಲ್ಲಿರಬೇಕು ಎಂದು ಮಾವ ಅಂದರು, ಅದಕ್ಕೆ ಹೂಂ ಅಂದಳು. ದೀಪ ಹಚ್ಚುವ ಹೊತ್ತಿಗೆ ಮನೆಗೆ ಬರಬೇಕು ಅಂದರು, ಬಸ್ಸು ತಡವಾಗುತ್ತದೆ, ಅದು ಆಗುವುದಿಲ್ಲ ಎಂದು ಮುಖದ ಮೇಲೆ ಹೇಳಿದಳು. ವಿರೂಪಾಕ್ಷಪ್ಪನವರು ಒಳ್ಳೆಯ ಗಿರಾಕಿ ಸಿಕ್ಕ ದಿನದಂತೆ ತಾಟಿನ ಎದುರು ನೆಟ್ಟಗೆ ಕೂತಿದ್ದರು. ಜಗ್ಗಿ ಜಗ್ಗಿ ಕಡೆಗೆ ಇಬ್ಬರೂ ಒಂದು ಮಾತಿಗೆ ಬಂದರು: ಶನಿವಾರ ಮನೆ, ಉಳಿದ ದಿನ ಕ್ಲಿನಿಕ್ಕು, ಬಸ್ಸು ತಂದಾಗ ವಾಪಸು. ಬಿಸಿಯಾಗಿ ಬಂದ ರೊಟ್ಟಿ ಅವರ ತಾಟಿನಲ್ಲಿ ಇನ್ನೂ ಆರಿರಲಿಲ್ಲ. "ಆತು, ಹೋಗು," ಅಂದರು. ಮಗನತ್ತ ತಿರುಗಿ, "ಇಷ್ಟ ಕೇಳಾಕ ನಿನಗೇನ ಧಾಡಿ ಆಗಿತ್ತೋ?" ಅಂದರು.

"ಕೇಳಬೇಕಂತ ಇದ್ನಿರಿ," ಅಂದ ಅನಿಕೇತ.

ಊಟವಾದ ಮೇಲೆ ಮಲ್ಲಿಕಾ ಬಾಲ್ಕನಿಯಲ್ಲಿ ನಿಂತು ಕ್ಲಿನಿಕ್ಕಿಗೆ ಮೆಸೇಜ್ ಬರೆಯುತ್ತಿದ್ದಳು. ಅನಿಕೇತ ಹಿಂದೆ ಬಂದು ನಿಂತ. ಅವನಿಗೆ ಈಗ ಹಗುರವಾಗಿತ್ತು, ಉತ್ಸಾಹವೂ ಬಂದಿತ್ತು.

"ನೋಡಿದ್ಯಾ? ಅಪ್ಪ ಒಪ್ಪಿದಂಗ ಅಂತ ನಾ ಹೇಳಿರಲಿಲ್ಲೇನು?"

ಮಲ್ಲಿಕಾ ಮೆಸೇಜ್ ಕಳಿಸಿ ಫೋನು ಮುಚ್ಚಿದಳು. "ಇನ್ನ ಮ್ಯಾಲ ನಿಮಗ ಏನೂ ಕೇಳಿ ತ್ರಾಸ ಕೊಡಂಗಿಲ್ರಿ," ಅಂದಳು. ಸಿಟ್ಟಿನಿಂದ ಹೇಳಲಿಲ್ಲ. ಎಷ್ಟು ದೊಡ್ಡ ಮನಸ್ಸು ಇವಳದು, ಎಷ್ಟು ಬೇಗ ಕ್ಷಮಿಸಿಬಿಟ್ಟಳು ಎಂದುಕೊಂಡು ಅನಿಕೇತ ಅವತ್ತು ಸುಖವಾಗಿ ನಿದ್ದೆ ಮಾಡಿದ.

ಅವಳು ಆಡಿದ ಮಾತನ್ನು ನಡೆಸುವವಳು ಎಂಬುದು ತಿಳಿಯಲು ಅವನಿಗೆ ಸ್ವಲ್ಪ ಕಾಲ ಹಿಡಿಯಿತು. ಪಣಜಿಗೆ ಯಾವ ಬಸ್ಸು ಬೇಗ ಎಂದು ಅವಳು ಮಾವನನ್ನು ಕೇಳಿದಳು. ಡಬ್ಬಿಗೆ ಏನು ಹಾಕಿಕೊಳ್ಳಲಿ ಎಂದು ಅತ್ತೆಯನ್ನು ಕೇಳಿದಳು. ಕೊಡೆಯ ಕಡ್ಡಿ ಮುರಿದಾಗ ಅಂಗಡಿಯ ಕೆಲಸದ ಕೇಶಪ್ಪನನ್ನು ಕೇಳಿದಳು. ಭಾನುವಾರದ ಆಟದಲ್ಲಿ ಈಗ ಶ್ವೇತಾ ಮಾಸ್ಟರ್. ಅವಳ ಬಂದರುಗಳಲ್ಲಿ ಇರುವುದು ಇದೆ, ಇರದಿರುವುದು ಇಲ್ಲ, ಮುಸ್ತಾಕನಿಗೆ ಕೈಯೂ ತಿರುಗಿ ಬಂದಿದೆಯಂತೆ. ಮಲ್ಲಿಕಾ ಒಬ್ಬಳೇ ಹೋಗಿ ಬರುತ್ತಾಳೆ; ಆಟ ಹೇಗಾಯಿತೆಂದು ಅನಿಕೇತನೇ ಕೇಳಬೇಕು, ಚಲೋ ಆತು ಎಂದು ಅವಳು ಹೇಳುತ್ತಾಳೆ.

ಒಂದು ಸಂಜೆ ಅವನು ಗಲ್ಲಾ ಬಿಟ್ಟು ಬೇಗ ಮೇಲೆ ಬಂದು ಬಾಗಿಲಲ್ಲೇ ಕಾದು ನಿಂತ. ಮಲ್ಲಿಕಾ ನೆನೆದು, ದಣಿದು, ಮುಖದ ತುಂಬ ಏನೋ ಸುದ್ದಿ ಹೊತ್ತು ಮೆಟ್ಟಿಲು ಹತ್ತಿ ಬಂದಳು.

"ಏನರ ಬೇಕಾಗಿತ್ತೇನು?" ಎಂದು ಕೇಳಿದ. "ಏನಿದ್ರೂ ಹೇಳು. ಮಾಡ್ತೀನಿ."

"ಏನೂ ಬ್ಯಾಡ್ರಿ," ಅಂದಳು ಮಲ್ಲಿಕಾ. ಚಪ್ಪಲಿ ಬಿಟ್ಟು, ಅವನ ಪಕ್ಕದಿಂದ ಹಾದು, ಅಡುಗೆಮನೆಯಲ್ಲಿದ್ದ ಅತ್ತೆಗೆ ಆ ದಿನದ ಸುದ್ದಿ ಹೇಳಲು ಒಳಗೆ ಹೋದಳು.